ರಿವೆನ್ ಆಟದ ಒಗಟುಗಳು: ಕಾಠಿನ್ಯವೋ, ಅನ್ಯಾಯವೋ?

ಗಣಕಯಂತ್ರದ ಆಟವೆಂದೊಡನೆ ನಮ್ಮ ಶಾಲೆಯ ಬಹುಮಂದಿ ವಿದ್ಯಾರ್ಥಿಗಳಿಗೆ ನೆನಪಾಗುವುದು ಗುಂಡು ಹಾರಿಸುವ, ಗಾಡಿ ಓಡಿಸುವ, ಬೆರಳಿನ ಚುರುಕನ್ನು ಪರೀಕ್ಷಿಸುವ ಆಟಗಳು. ಬೆರಳಿಗೆ ಅವಸರ ಕೊಡದೆ ಕಣ್ಣು, ಕಿವಿ, ಬುದ್ಧಿ ಈ ಮೂರಕ್ಕೇ ಕೆಲಸವನ್ನೊಪ್ಪಿಸುವ ಇನ್ನೊಂದು ಜಾತಿಯ ಆಟಗಳೂ ಉಂಟು. ಇವಕ್ಕೆ ಸಾಹಸದ ಆಟಗಳೆಂದು ಹೆಸರು. ಅಮೆರಿಕದಲ್ಲಿ ವಿಲ್ ಕ್ರೌದರ್ ಎಂಬಾತನು ಆರಂಭಿಸಿ ಡಾನ್ ವುಡ್ಸ್ ಎಂಬಾತನು 1977ರಲ್ಲಿ ಬೆಳೆಯಿಸಿದ 'ಅಡ್ವೆಂಚರ್' ಎಂಬ ಗುಹೆಯ ಆಟದಿಂದ ಈ ಹೆಸರು ಇಡಿಯ ಜಾತಿಗೇ ಅಂಟಿಕೊಂಡಿತು. ಆ ಆಟದಲ್ಲಿ ಚಿತ್ರವೆಂಬುದೇ ಇರಲಿಲ್ಲ. ಗುಹೆ, ಹಾವು, ಹಕ್ಕಿ ಎಲ್ಲವೂ ಅಕ್ಷರಗಳಲ್ಲಿಯೇ ಇದ್ದುವು.

ಈ ಜಾತಿಯಲ್ಲಿ ಅತ್ಯಂತ ಕಠಿನವಾದ ಆಟ ಯಾವುದೆಂಬ ಚರ್ಚೆ ಎದ್ದಾಗಲೆಲ್ಲ ತಪ್ಪದೆ ಕೇಳಿಬರುವ ಹೆಸರು 'ರಿವೆನ್'. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ರ್‍ಯಾಂಡ್ ಮಿಲ್ಲರ್ ಮತ್ತು ರಾಬಿನ್ ಮಿಲ್ಲರ್ ಎಂಬ ಸೋದರರು ಕಟ್ಟಿದ 'ಸಯಾನ್' ಎಂಬ ಸಂಸ್ಥೆ 1993ರಲ್ಲಿ 'ಮಿಸ್ಟ್' ಎಂಬ ಆಟವನ್ನು ಹೊರತಂದಿತು. ಅದರ ಪ್ರತಿಗಳು ಅರುವತ್ತು ಲಕ್ಷಕ್ಕೂ ಮೀರಿ ಮಾರಾಟವಾದುವು. ಅದರ ಮುಂದಿನ ಭಾಗವೇ 1997ರಲ್ಲಿ ಬಂದ ರಿವೆನ್. ಇದರ ರಚನೆಯಲ್ಲಿ ರಿಚರ್ಡ್ ವ್ಯಾಂಡರ್ ವೆಂಡೆ ಎಂಬ ಚಿತ್ರಕಲಾವಿದನೂ ಕೈಗೂಡಿಸಿದನು.

ರಿವೆನ್ ಆಡಿದವರ ಅಭಿಪ್ರಾಯಗಳನ್ನು ಒಂದೆಡೆ ಕಲೆಹಾಕಿ ಓದುವವನಿಗೆ ವಿಚಿತ್ರವೊಂದು ಕಾಣುತ್ತದೆ. ಹೊಗಳುವವರೂ ತೆಗಳುವವರೂ ಬೊಟ್ಟುಮಾಡುವುದು ಒಂದೇ ಗುಣವನ್ನು. 'ಈ ಆಟ ನನಗೆ ಏನನ್ನೂ ಹೇಳಿಕೊಡಲಿಲ್ಲ' ಎಂದು ಒಬ್ಬನು ಸಂತೋಷದಿಂದ ಹೇಳುತ್ತಾನೆ. ಅದೇ ಮಾತನ್ನು ಇನ್ನೊಬ್ಬನು ಸಿಟ್ಟಿನಿಂದ ಹೇಳುತ್ತಾನೆ. ಇದರಲ್ಲಿ ಶತ್ರುಗಳು ಮೈಮೇಲೆ ಬೀಳುವುದಿಲ್ಲ, ಗಡಿಯಾರ ಬೆನ್ನಟ್ಟುವುದಿಲ್ಲ, ಅಂಕಗಳ ಲೆಕ್ಕವಿಲ್ಲ. ನಿರ್ಜನವೆಂದು ತೋರುವ ಐದು ದ್ವೀಪಗಳು, ಕೆಲವು ಯಂತ್ರಗಳು, ಕೆಲವು ದಿನಚರಿಗಳು, ಇಷ್ಟೇ. ಏನು ಮಾಡಬೇಕೆಂಬುದಿರಲಿ, ಎದುರಿಗಿರುವುದು ಒಗಟು ಹೌದೋ ಅಲ್ಲವೋ ಎಂಬುದನ್ನೂ ಆಟಗಾರನೇ ಕಂಡುಕೊಳ್ಳಬೇಕು. ಇದು ನ್ಯಾಯವಾದ ಕಾಠಿನ್ಯವೇ, ಅಥವಾ ಆಟಗಾರನಿಗೆ ಮಾಡಿದ ಅನ್ಯಾಯವೇ? ಈ ಪ್ರಶ್ನೆಯನ್ನು ಬಿಡಿಸುವುದಕ್ಕೆ ಮೊದಲು ಒಂದು ಒಗಟನ್ನಾದರೂ ಒಳಹೊಕ್ಕು ನೋಡಬೇಕು.

ಕಥೆ ಸಂಕ್ಷೇಪವಾಗಿ ಹೀಗಿದೆ. ಏಟ್ರಸ್ ಎಂಬಾತನ ಹೆಂಡತಿ ಕ್ಯಾಥರೀನಳನ್ನು ಅವನ ತಂದೆಯಾದ ಗೆನ್ ಎಂಬವನೇ ಸೆರೆಯಲ್ಲಿಟ್ಟಿದ್ದಾನೆ. ಗೆನ್ ರಿವೆನ್ ದ್ವೀಪಗಳ ಜನರ ಮುಂದೆ ತಾನೇ ದೇವರೆಂದು ಮೆರೆಯುತ್ತಿದ್ದಾನೆ. ಆಟಗಾರನು ಅಲ್ಲಿಗೆ ಹೋಗಿ ಆಕೆಯನ್ನು ಬಿಡಿಸಿ, ಗೆನ್‌ನನ್ನು ಸೆರೆಹಿಡಿಯಬೇಕು. ಗೆನ್‌ಗೆ ಐದೆಂಬ ಸಂಖ್ಯೆಯ ಮೇಲೆ ವಿಪರೀತ ಮೋಹ. ಅವನ ಪೂರ್ವಿಕರಾದ 'ದುನಿ' ಜನರ ಅಂಕಿಗಳು ಐದರ ಮೇಲೆ ನಿಂತಿವೆ. ಆ ಅಂಕಿಗಳನ್ನು ಓದಬಲ್ಲವನಿಗೆ ಮಾತ್ರ ದ್ವೀಪಗಳ ಬಾಗಿಲು ತೆರೆಯುತ್ತದೆ.

ಈ ಅಂಕಿಗಳನ್ನು ಆಟಗಾರನು ಎಲ್ಲಿ ಕಲಿಯಬೇಕು? ಒಂದು ಶಾಲೆಯಲ್ಲಿ! ಹಳ್ಳಿಯ ಪಕ್ಕದಲ್ಲಿ ಮಕ್ಕಳಿಲ್ಲದ ಬರಿದಾದ ಪಾಠಶಾಲೆಯೊಂದಿದೆ. ಅದರಲ್ಲಿ ಮರದ ಒಂದು ಆಟಿಕೆಯಿದೆ. ಮೇಲೆ ಎರಡು ಮನುಷ್ಯಗೊಂಬೆಗಳನ್ನು ತೂಗುಬಿಟ್ಟಿದ್ದಾರೆ; ಕೆಳಗೆ 'ವಾರ್ಕ್' ಎಂಬ ಭಾರಿ ಜಲಚರದ ಪ್ರತಿಮೆ. ಆಟಿಕೆಯನ್ನು ಆಡಿಸಿದರೆ ಒಂದು ಗುರುತು ಕಾಣಿಸಿಕೊಳ್ಳುತ್ತದೆ, ಆ ಗುರುತಿನ ಬೆಲೆ ಎಷ್ಟೋ ಅಷ್ಟು ಹಲ್ಲುಗಳಷ್ಟು ಗೊಂಬೆ ಕೆಳಗಿಳಿಯುತ್ತದೆ. ಎಣಿಸಿ ನೋಡಿದರೆ ಯಾವ ಗುರುತಿಗೆ ಯಾವ ಬೆಲೆಯೆಂದು ತಿಳಿಯುತ್ತದೆ. ಆದರೆ ಆಟಿಕೆ ತೋರಿಸುವುದು ಒಂದರಿಂದ ಹತ್ತರವರೆಗೆ ಮಾತ್ರ. ಮುಂದಿನದನ್ನು ತಲೆಯಿಂದಲೇ ಕಟ್ಟಿಕೊಳ್ಳಬೇಕು.

ಅದನ್ನು ನಾವೂ ಕಟ್ಟೋಣ. ಪ್ರತಿ ಅಂಕಿಯೂ ಒಂದು ಚೌಕದೊಳಗೆ ಕುಳಿತಿರುತ್ತದೆ. 1 ಎಂದರೆ ನಿಂತ ಗೆರೆ. 2 ಬಿಲ್ಲಿನಂತೆ ಬಾಗಿದ ಗೆರೆ. 3 ಕೋನವಾಗಿ ಮುರಿದ ಗೆರೆ. 4 ಚೌಕದ ಮೂಲೆಯಂತಹ ಗೆರೆ. 5ಕ್ಕೆ ಹೊಸ ಗುರುತು ಬರುತ್ತದೆಂದು ನೀವು ನಿರೀಕ್ಷಿಸುವಿರಿ. ಬರುವುದಿಲ್ಲ. 1ರ ನಿಂತ ಗೆರೆಯೇ ಕಾಲುಸುತ್ತು ತಿರುಗಿ ಮಲಗುತ್ತದೆ, ಅದೇ 5. ಮಲಗಿದ ಗೆರೆಯ ಮೇಲೆ ನಿಂತ ಗೆರೆಯನ್ನಿಟ್ಟರೆ, ಅಂದರೆ ನಮ್ಮ ಕೂಡಿಸುವ ಚಿಹ್ನೆಯಂತಾದರೆ, 5 ಮತ್ತು 1 ಸೇರಿ 6. ಮಲಗಿದ ಗೆರೆಯ ಮೇಲೆ ಬಾಗಿದ ಗೆರೆಯನ್ನಿಟ್ಟರೆ 7. ಹೀಗೆ ಸಾಗಿ 10ಕ್ಕೆ ಬಂದಾಗ 2ರ ಬಾಗಿದ ಗೆರೆಯೇ ಕಾಲುಸುತ್ತು ತಿರುಗಿ ನಿಂತಿರುತ್ತದೆ.

ಇಲ್ಲಿ ಆಟಿಕೆ ಮೌನವಾಗುತ್ತದೆ. ಲಕ್ಷ್ಯವಿಟ್ಟು ನೋಡಿದವನು ಮಾತ್ರ ಈಗ ಒಂದು ನಿಯಮವನ್ನು ಕಾಣಬಲ್ಲನು: ಗುರುತನ್ನು ತಿರುಗಿಸುವುದೆಂದರೆ ಐದರಿಂದ ಗುಣಿಸುವುದು. 1 ತಿರುಗಿ 5 ಆಯಿತು, 2 ತಿರುಗಿ 10 ಆಯಿತು. ಹಾಗಾದರೆ 3 ತಿರುಗಿದರೆ 15, 4 ತಿರುಗಿದರೆ 20. ತಿರುಗಿದ 4ರ ಮೇಲೆ ತಿರುಗದ 4ನ್ನು ಇಟ್ಟರೆ 24. ನಾಲ್ಕೇ ಗುರುತುಗಳಿಂದ ಇಪ್ಪತ್ತನಾಲ್ಕು ಸಂಖ್ಯೆಗಳು! ಇಪ್ಪತ್ತೈದಕ್ಕೆ ಎಡಗಡೆಯಲ್ಲಿ ಇನ್ನೊಂದು ಚೌಕ ಬೇಕಾಗುತ್ತದೆ, ನಮ್ಮಲ್ಲಿ ಒಂಬತ್ತು ಮುಗಿದ ಮೇಲೆ ಹತ್ತರ ಸ್ಥಾನ ಬರುವಂತೆ. ಬಿಡಿ, ಹತ್ತು, ನೂರು ಎಂದು ನಾವು ಒಂದನೆಯ ಇಯತ್ತೆಯಿಂದ ಬಾಯಿಪಾಠ ಮಾಡಿಕೊಂಡು ಬಂದ ಸ್ಥಾನಬೆಲೆಯೆಂಬುದು ಹತ್ತು ಬೆರಳುಗಳ ಅಭ್ಯಾಸದಿಂದ ಬಂದದ್ದೇ ಹೊರತು ಸಂಖ್ಯೆಗಳ ಸ್ವಭಾವವಲ್ಲವೆಂಬುದನ್ನು ಈ ಮರದ ಆಟಿಕೆ ಕಲಿಸಿದಷ್ಟು ಚೆನ್ನಾಗಿ ನಮ್ಮ ಎಷ್ಟೋ ಗಣಿತದ ಪುಸ್ತಕಗಳು ಕಲಿಸುವುದಿಲ್ಲವೆಂದು ಉಪಾಧ್ಯಾಯನಾದ ನಾನೇ ಹೇಳಬೇಕಾಗಿದೆ.

ಈ ಒಗಟಿನಲ್ಲಿ ಇನ್ನೊಂದು ಗುಣವುಂಟು. ಹಳ್ಳಿಯ ಮುಂದಿನ ನೀರಿನ ಮೇಲೆ ನಿಜವಾದ ಗಲ್ಲುಗಂಬವೊಂದು ನಿಂತಿದೆ. ಗೆನ್‌ನ ಮಾತು ಮೀರಿದವರನ್ನು ಅಲ್ಲಿ ವಾರ್ಕ್‌ಗೆ ಆಹಾರವಾಗಿ ಇಳಿಬಿಡುತ್ತಾರೆ. ಶಾಲೆಯ ಆಟಿಕೆ ಅದರ ಪುಟ್ಟ ಪ್ರತಿರೂಪ. ಮಕ್ಕಳು ಎಣಿಕೆ ಕಲಿಯುವಾಗಲೇ ಭಯವನ್ನೂ ಕಲಿಯಲಿ ಎಂಬುದು ಆ ದುರುಳನ ಎಣಿಕೆ. ಎಣಿಸುವುದರಲ್ಲಿ ಮೈಮರೆತ ಆಟಗಾರನು ಯಾವುದೋ ಕ್ಷಣದಲ್ಲಿ ಇದನ್ನರಿತು ಬೆಚ್ಚುತ್ತಾನೆ. ಒಗಟು ಬೇರೆ, ಕಥೆ ಬೇರೆ ಎಂದಾಗದೆ ಒಂದು ಬಿಡಿಸಿದರೆ ಇನ್ನೊಂದು ತಾನೇ ಬಿಚ್ಚಿಕೊಳ್ಳುವ ಈ ಹೆಣಿಗೆಯನ್ನೇ ರಿವೆನ್ ಮೆಚ್ಚಿದವರೆಲ್ಲ ಮೊದಲು ಹೊಗಳುವುದು.

ಹೀಗೆ ಕಲಿತ ಅಂಕಿಗಳು ಎಲ್ಲಿಗೆ ಬೇಕಾಗುತ್ತವೆ? ಪ್ರತಿ ದ್ವೀಪದಲ್ಲಿಯೂ ಒಂದೊಂದು ಹೊಂಬಣ್ಣದ ಗುಮ್ಮಟವಿದೆ. ಅದನ್ನು ತೆರೆಯಲು ಐದು ಸಂಖ್ಯೆಗಳ ಸಂಕೇತ ಬೇಕು. ಸಂಕೇತವು ಗೆನ್‌ನ ದಿನಚರಿಯಲ್ಲಿ ದುನಿ ಅಂಕಿಗಳಲ್ಲಿ ಬರೆದಿದೆ. ಹತ್ತನ್ನು ಮೀರಿದ ಸಂಖ್ಯೆಗಳೂ ಅದರಲ್ಲಿ ಬರುತ್ತವೆ. ಸೊಗಸಿನ ಸಂಗತಿಯೆಂದರೆ, ಹೊಸದಾಗಿ ಆಟ ಆರಂಭಿಸಿದಾಗಲೆಲ್ಲ ಈ ಸಂಖ್ಯೆಗಳು ಬದಲಾಗುತ್ತವೆ. ಆದುದರಿಂದ ಪಕ್ಕದ ಮನೆಯ ಗೆಳೆಯನ ಉತ್ತರವನ್ನು ನಕಲು ಮಾಡಿ ಪ್ರಯೋಜನವಿಲ್ಲ. ಗೆಳೆಯನಿಂದ ಪಡೆಯಬಹುದಾದುದು ವಿಧಾನ ಒಂದೇ.

ಇನ್ನು ದೂರುಗಳು. ಅವೂ ಸುಳ್ಳಲ್ಲ. ಆಟ ಆರಂಭವಾದ ಸ್ವಲ್ಪ ಹೊತ್ತಿನಲ್ಲಿಯೇ ಬೀಗ ಹಾಕಿದ ಗೇಟೊಂದು ಅಡ್ಡವಾಗುತ್ತದೆ. ಬೀಗದ ಕೈಗಾಗಿ ದ್ವೀಪವನ್ನೆಲ್ಲ ಜಾಲಾಡಿದವರೆಷ್ಟೋ ಮಂದಿ. ಗೇಟಿನ ಕೆಳಗೆ ನುಸುಳಿ ಹೋಗಬಹುದು ಎಂಬುದೇ ಪರಿಹಾರ! ಇನ್ನೊಂದೆಡೆ ತೆರೆದ ಬಾಗಿಲಿನ ಹಿಂದೆ ಬೇರೊಂದು ದಾರಿ ಅಡಗಿದೆ. ಒಳಗೆ ಹೋಗಿ ಬಾಗಿಲನ್ನು ಮುಚ್ಚಿ ನೋಡದವನಿಗೆ ಆ ದಾರಿ ಕಾಣುವುದೇ ಇಲ್ಲ. ಗೇಟಿನ ಒಗಟನ್ನು ನಾನು ಸಮರ್ಥಿಸುತ್ತೇನೆ. ನಮ್ಮೂರಿನ ಹುಡುಗರು ಯಾವ ತೋಟದ ಬೇಲಿಯ ಮುಂದೆಯೂ ಬೀಗದ ಕೈಗಾಗಿ ಕಾದು ನಿಂತದ್ದಿಲ್ಲ. ಬಾಗಿಲಿನದು ಮಾತ್ರ ಸ್ವಲ್ಪ ಕೀಟಲೆಯೇ ಸರಿ.

ಅತ್ಯಂತ ಹೆಚ್ಚು ದೂರು ಬಂದಿರುವುದು ಬಣ್ಣದ ಗೋಲಿಗಳ ಒಗಟಿನ ಮೇಲೆ. ಉದ್ದಕ್ಕೆ 25, ಅಗಲಕ್ಕೆ 25, ಹೀಗೆ 625 ಕುಳಿಗಳಿರುವ ಹಲಗೆ. ಅದರಲ್ಲಿ ದ್ವೀಪಗಳ ಗುಮ್ಮಟಗಳಿರುವ ಜಾಗವನ್ನು ಭೂಪಟದ ಸಹಾಯದಿಂದ ಗುರುತಿಸಿ, ಆಯಾ ಗುಮ್ಮಟದ ಬಣ್ಣದ ಗೋಲಿಯನ್ನು ಇಡಬೇಕು. ಗೋಲಿಗಳು ಆರು, ಬೇಕಾದುವು ಐದು. ಬರಿಯ ಊಹೆಯಿಂದ ಇದು ಸಾಧ್ಯವೇ? ಎರಡೇ ಗೋಲಿಗಳನ್ನು ಇಡುವುದಕ್ಕೆ 625ನ್ನು 624ರಿಂದ ಗುಣಿಸಿದರೆ 3,90,000 ಬಗೆಗಳಾಗುತ್ತವೆ; ಐದರ ಮಾತು ಹೇಳಲೇ ಬೇಡ. ನಾಲ್ಕು ಸರಿಯಾಗಿ ಒಂದು ತಪ್ಪಾದರೂ 'ಹತ್ತಿರ ಬಂದೆ' ಎಂಬ ಸೂಚನೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಈ ದೂರಿನಲ್ಲಿ ಅರ್ಧ ಸತ್ಯವಿದೆ. ಬೇಕಾದ ಸುಳಿವುಗಳೆಲ್ಲ ದ್ವೀಪಗಳಲ್ಲಿಯೇ ಇವೆಯೆಂಬುದು ನಿಜ. ಆದರೆ ಲೆಕ್ಕದ ಹಾದಿಯೆಲ್ಲ ಸರಿಯಾಗಿದ್ದು ಕೊನೆಯ ಸಾಲಿನಲ್ಲಿ ಎಡವಿದ ಹುಡುಗನಿಗೂ ಖಾಲಿ ಹಾಳೆ ಕೊಟ್ಟ ಹುಡುಗನಿಗೂ ಒಂದೇ ಸೊನ್ನೆ ಕೊಡುವ ಪರೀಕ್ಷಕನನ್ನು ಯಾರು ಒಳ್ಳೆಯ ಪರೀಕ್ಷಕನೆಂದಾರು?

ಆಟ ಬಂದ ಕಾಲದಲ್ಲಿ ಐದು ಸಿ.ಡಿ. ಬಿಲ್ಲೆಗಳಲ್ಲಿ ಅದನ್ನು ಅಡಕಮಾಡಿದ್ದರು. ದ್ವೀಪದಿಂದ ದ್ವೀಪಕ್ಕೆ ಹೋಗುವಾಗಲೆಲ್ಲ ಬಿಲ್ಲೆ ಬದಲಾಯಿಸಬೇಕಾಗಿತ್ತೆಂದು ಗೊಣಗಿದವರೂ, ಚಲಿಸದ ಚಿತ್ರಗಳನ್ನು ಒಂದಾದ ಮೇಲೊಂದರಂತೆ ನೋಡುವುದಷ್ಟೇ ಎಂದು ಹಳಿದವರೂ ಇದ್ದರು. ಇವು ಒಗಟಿಗೆ ಸೇರಿದ ಮಾತುಗಳಲ್ಲವಾದುದರಿಂದ ಇಲ್ಲಿಗೆ ಬಿಡೋಣ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ರಿವೆನ್ ಕಠಿನವೆಂಬುದರಲ್ಲಿ ಸಂದೇಹವಿಲ್ಲ. ಅನ್ಯಾಯದ ಒಗಟು ಹೇಗಿರುತ್ತದೆಂಬುದನ್ನು ತಿಳಿಯಲು ಬೇರೊಂದು ಆಟದ ಕಡೆಗೆ ಹೋಗಬೇಕು.

1991ರಲ್ಲಿ ಅಮೆರಿಕದ ಲ್ಯೂಕಸ್ ಆರ್ಟ್ಸ್ ಸಂಸ್ಥೆಯಿಂದ 'ಮಂಕಿ ಐಲೆಂಡ್' ಎಂಬ ಹಾಸ್ಯದ ಆಟದ ಎರಡನೆಯ ಭಾಗ ಬಂದಿತು. ಅದರಲ್ಲಿ ಕಥಾನಾಯಕನು ನೀರೆತ್ತುವ ಪಂಪೊಂದರ ತಿರುಪನ್ನು ತಿರುಗಿಸಬೇಕು, ಕೈಯಲ್ಲಿ ಸಲಕರಣೆಯಿಲ್ಲ. ಬೇರೊಂದು ಕಡೆ, ಹೆಂಡದಂಗಡಿಯಲ್ಲಿ, ಪಿಯಾನೋ ನುಡಿಸುವ ಕೋತಿಯೊಂದಿದೆ. ತಾಳದ ಯಂತ್ರದ ಮೇಲೆ ಬಾಳೆಯ ಹಣ್ಣನ್ನಿಟ್ಟರೆ ಕೋತಿ ಅದನ್ನೇ ನೋಡುತ್ತ ಮಂಕುಬಡಿದು ಸೆಟೆದುಹೋಗುತ್ತದೆ. ಆ ಸೆಟೆದ ಕೋತಿಯನ್ನೆತ್ತಿಕೊಂಡು ಹೋಗಿ ಪಂಪನ್ನು ತಿರುಗಿಸಬೇಕು! ಏಕೆಂದರೆ ಅಮೆರಿಕದವರ ಇಂಗ್ಲಿಷಿನಲ್ಲಿ ಒಂದು ಬಗೆಯ ತಿರುಪು ತಿರುಗಿಸುವ ಸಲಕರಣೆಗೆ 'ಮಂಕಿ ರೆಂಚ್' ಎಂದು ಹೆಸರು. ಇಂಗ್ಲೆಂಡಿನವರು ಅಂತಹ ಸಲಕರಣೆಯನ್ನು ಸ್ಪ್ಯಾನರ್ ಎನ್ನುತ್ತಾರೆ. ನಮ್ಮ ಮುಂಬಯಿಯ ಕಾರಖಾನೆಗಳಲ್ಲಿ ಅದು ಪಾನಾ. ಪಾನಾ ಹಿಡಿದು ದುಡಿದ ತಂದೆಯ ಮಗನು ಎಷ್ಟೇ ಬುದ್ಧಿವಂತನಾಗಿದ್ದರೂ ಆ ಕೋತಿಯನ್ನು ಪಂಪಿಗೆ ಹೇಗೆ ಜೋಡಿಸಿಯಾನು? ಇಲ್ಲಿ ಪರೀಕ್ಷೆಯಾಗುವುದು ಬುದ್ಧಿಯಲ್ಲ, ಹುಟ್ಟಿದ ಊರು.

ಇದರಲ್ಲೊಂದು ವಿನೋದವಿದೆ. ಈ ಆಟದ ಕರ್ತೃವಾದ ರಾನ್ ಗಿಲ್ಬರ್ಟ್ ಎಂಬಾತನೇ 1989ರಲ್ಲಿ ಸಾಹಸದ ಆಟಗಳ ದೋಷಗಳನ್ನು ಪಟ್ಟಿಮಾಡಿ ಲೇಖನವೊಂದನ್ನು ಬರೆದಿದ್ದನು. ಆಟಗಾರನಿಗೆ ಬೀಗ ಕಾಣಿಸುವ ಮೊದಲು ಬೀಗದ ಕೈ ಸಿಗಬಾರದು, ಸತ್ತು ಸತ್ತು ಪಾಠ ಕಲಿಯುವಂತಾಗಬಾರದು ಎಂಬಂತಹ ವಿವೇಕದ ಮಾತುಗಳು ಅದರಲ್ಲಿವೆ. ಅಂತಹವನ ಕೈಯಿಂದಲೇ ಈ ಕೋತಿಯೂ ಹೊರಟಿತು. ಮುಂದೆ ಆತನು ಅದಕ್ಕಾಗಿ ವಿಷಾದವನ್ನು ವ್ಯಕ್ತಪಡಿಸಿದ್ದಾನೆ.

ಶಬ್ದದ ಮೇಲೆ ನಿಲ್ಲುವ ಒಗಟುಗಳು ನಮಗೆ ಹೊಸವಲ್ಲ. ಅಲ್ಲಮನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು, ಮನೆಮನೆಯ ಅಜ್ಜಿಯರ ಒಗಟುಗಳು ಕನ್ನಡವನ್ನು ಬಲ್ಲವರಿಗೇ ತೆರೆಯತಕ್ಕವು. ಕಳೆದ ವರ್ಷ ಒಂಬತ್ತನೆಯ ಇಯತ್ತೆಯಲ್ಲಿ ಬೀಸುವ ಕಲ್ಲನ್ನು ಕುರಿತ ಒಗಟೊಂದನ್ನು ನಾನು ಹೇಳಿದೆನು. ತರಗತಿಯೆಲ್ಲ ಸುಮ್ಮನಿತ್ತು. ಚಾಳಿನ ಕೆಳಗಿನ ಗಿರಣಿಯಿಂದ ಹಿಟ್ಟು ತರುವ ಮಕ್ಕಳಿಗೆ ಬೀಸುವ ಕಲ್ಲು ಎಲ್ಲಿಯದು? ಕರಿಹಲಗೆಯ ಮೇಲೆ ಎರಡು ಕಲ್ಲುಗಳನ್ನೂ ಗೂಟವನ್ನೂ ಬರೆದು, ಮೇಲಿನ ಕಲ್ಲು ಸುತ್ತುವುದನ್ನೂ ಹಿಟ್ಟು ಅಂಚಿನಿಂದ ಉದುರುವುದನ್ನೂ ವಿವರಿಸಿದೆ. ಹೆಸರು ಮಾತ್ರ ಹೇಳಲಿಲ್ಲ. ಒಡನೆಯೇ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಒಗಟಿನ ಒಂದೊಂದು ಮಾತನ್ನೂ ಚಿತ್ರದ ಒಂದೊಂದು ಭಾಗಕ್ಕೆ ಹೊಂದಿಸಿ ಹೇಳಿದಳು. ಅವಳಿಗೆ ಕೊರತೆಯಾಗಿದ್ದುದು ವಸ್ತುವಿನ ಪರಿಚಯವೇ ಹೊರತು ಬುದ್ಧಿಯಲ್ಲ. ರಿವೆನ್‌ನ ಶಾಲೆಯ ಆಟಿಕೆ ಮಾಡುವುದೂ ಇದನ್ನೇ. ದುನಿ ಅಂಕಿಗಳು ಜಗತ್ತಿನ ಯಾವ ಮಗುವಿಗೂ ಮೊದಲೇ ಗೊತ್ತಿಲ್ಲ. ನ್ಯೂಯಾರ್ಕಿನ ಹುಡುಗನೂ ಧಾರಾವಿಯ ಹುಡುಗನೂ ಆ ಬೆಂಚಿನ ಮುಂದೆ ಸರಿಸಮಾನರು. ಬೇಕಾದುದನ್ನು ಒಳಗೇ ಇಟ್ಟು, ಅನಂತರ ಎಷ್ಟು ಕಷ್ಟ ಕೊಟ್ಟರೂ ಅದು ನ್ಯಾಯವೆಂದೇ ನನ್ನ ಮತ.

ಒಳಗೆ ಇಟ್ಟರೆ ಮಾತ್ರ ಸಾಲದು, ಅದಕ್ಕೊಂದು ಕಾರಣವೂ ಬೇಕು ಎಂಬುದಕ್ಕೆ 1999ರ 'ಗೇಬ್ರಿಯಲ್ ನೈಟ್' ಆಟದ ಮೂರನೆಯ ಭಾಗ ಸಾಕ್ಷಿ. ಅದರಲ್ಲಿ ನಾಯಕನು ಬಾಡಿಗೆಯ ಮೋಟಾರ್ ಸೈಕಲಿಗಾಗಿ ಗೆಳೆಯನ ವೇಷ ಹಾಕಬೇಕು. ಬೆಕ್ಕನ್ನು ಓಡಿಸಿ, ಅಂಟುಪಟ್ಟಿಗೆ ಅಂಟಿದ ಅದರ ಕೂದಲನ್ನು ಸಿಹಿಪಾಕದಿಂದ ಮೂತಿಗಂಟಿಸಿ ಮೀಸೆ ಮಾಡಿಕೊಳ್ಳಬೇಕು. ಆ ಗೆಳೆಯನಿಗೋ ಮೀಸೆಯೇ ಇಲ್ಲ! ಅದಕ್ಕಾಗಿ ಅವನ ಪಾಸ್‌ಪೋರ್ಟಿನ ಚಿತ್ರಕ್ಕೂ ಮೀಸೆ ಬರೆಯಬೇಕು. ಆಡಿದವರು ಇದನ್ನು ಇಂದಿಗೂ ಗೇಲಿಮಾಡುತ್ತಿದ್ದಾರೆ.

ಇಷ್ಟೆಲ್ಲ ನೋಡಿದ ಮೇಲೆ ಆಟಗಾರರ ಅಭಿಪ್ರಾಯಗಳನ್ನು ಓದುವಾಗ ಒಂದು ವಿಷಯವನ್ನು ಗಮನಿಸಬೇಕಾಗುತ್ತದೆ: ಆ ಮಾತು ಆಟದ ಯಾವ ಘಟ್ಟದಲ್ಲಿ ಹೊರಟಿತು? ಎರಡನೆಯ ಗಂಟೆಯಲ್ಲಿ ಕೈಬಿಟ್ಟವನು 'ಸುಳಿವೇ ಇಲ್ಲ' ಎನ್ನುತ್ತಾನೆ. ಅವನು ಶಾಲೆಯ ತನಕ ಹೋಗಿರುವುದಿಲ್ಲ. ಕೊನೆಮುಟ್ಟಿದವನು ನಡುವೆ ತಾನು ಪಟ್ಟ ಬೇಸರವನ್ನು ಮರೆತು ಎಲ್ಲವೂ ಸುಲಭವಾಗಿತ್ತೆಂಬಂತೆ ಮಾತನಾಡುತ್ತಾನೆ. ಅವನನ್ನೂ ಪೂರ್ಣವಾಗಿ ನಂಬಲಾಗದು. ಕೈಪಿಡಿಯಲ್ಲಿ ಉತ್ತರ ನೋಡಿ ಆಡಿದವನ ಅಭಿಪ್ರಾಯಕ್ಕೆ ನಾನು ಕೊಡುವ ಬೆಲೆ ಎಲ್ಲಕ್ಕಿಂತ ಕಡಿಮೆ. ಕೈಪಿಡಿ ಅವನಿಗೆ 'ಈ ಗುಂಡಿಯನ್ನು ಹದಿನೇಳನೆಯ ಗೆರೆಗೆ ಸರಿಸು' ಎಂದಷ್ಟೇ ಹೇಳಿರುತ್ತದೆ. ಏಕೆ ಹದಿನೇಳು ಎಂಬುದನ್ನು ಕಾಣದ ಅವನಿಗೆ ದುನಿ ಅಂಕಿಯೂ ಬೆಕ್ಕಿನ ಮೀಸೆಯೂ ಒಂದೇ ತೆರನಾದ ಹುಚ್ಚಾಟವಾಗಿ ತೋರಿದರೆ ಆಶ್ಚರ್ಯವಿಲ್ಲ.

ಹಾಗೆಂದು ಸಹಾಯವನ್ನೇ ಪಡೆಯಬಾರದೆಂದು ನಾನು ಹೇಳುತ್ತಿಲ್ಲ. 1980ರ ದಶಕದಲ್ಲಿ ಅಮೆರಿಕದ ಇನ್ಫೋಕಾಮ್ ಎಂಬ ಸಂಸ್ಥೆ ತನ್ನ ಅಕ್ಷರದ ಆಟಗಳಿಗಾಗಿ ಕಣ್ಣಿಗೆ ಕಾಣದ ಮಸಿಯಲ್ಲಿ ಅಚ್ಚುಹಾಕಿದ ಸುಳಿವಿನ ಪುಸ್ತಿಕೆಗಳನ್ನು ಮಾರುತ್ತಿತ್ತು. ವಿಶೇಷವಾದ ಲೇಖನಿಯನ್ನು ಉಜ್ಜಿದರೆ ಮಾತ್ರ ಅಕ್ಷರ ಮೂಡುವುದು. ಪ್ರತಿ ಪ್ರಶ್ನೆಯ ಕೆಳಗೂ ಮೊದಲನೆಯ ಸುಳಿವು ಬರಿಯ ಸೂಚನೆ, ಎರಡನೆಯದು ಸ್ವಲ್ಪ ಸ್ಪಷ್ಟ, ಕೊನೆಯದೇ ಉತ್ತರ. ಎಷ್ಟು ಬೇಕೋ ಅಷ್ಟನ್ನೇ ಉಜ್ಜಿಕೊಂಡು ಪುಸ್ತಿಕೆಯನ್ನು ಮುಚ್ಚಬಹುದಾಗಿತ್ತು. ನಮ್ಮ ಪರೀಕ್ಷೆಯ ದಿನಗಳಲ್ಲಿ ಬೀದಿಯುದ್ದಕ್ಕೂ ಮಾರಾಟವಾಗುವ ಗೈಡುಗಳನ್ನು ಯಾರಾದರೂ ಹೀಗೆ ಅಚ್ಚುಹಾಕಿಯಾರೇ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

2024ರಲ್ಲಿ ಸಯಾನ್ ಸಂಸ್ಥೆಯೇ ರಿವೆನ್ ಆಟವನ್ನು ಹೊಸದಾಗಿ ಕಟ್ಟಿ ಹೊರತಂದಿತು. ನಿಶ್ಚಲ ಚಿತ್ರಗಳ ಬದಲು ಈಗ ದ್ವೀಪಗಳಲ್ಲಿ ಮನಬಂದಂತೆ ಸುತ್ತಾಡಬಹುದು. ಒಗಟುಗಳಲ್ಲಿಯೂ ಹಲವನ್ನು ಮಾರ್ಪಡಿಸಿದ್ದಾರೆ. ಹಳಬರಲ್ಲಿ ಕೆಲವರು ಇದನ್ನು ಸ್ವಾಗತಿಸಿದರು, ಕೆಲವರು ಮೂಲದ ಗಾಂಭೀರ್ಯವನ್ನೇ ಬಯಸಿದರು. ಹಳೆಯ ಒಗಟಿನ ಉತ್ತರ ಬಲ್ಲವರೂ ಹೊಸ ಆಟದ ಮುಂದೆ ಕಾಗದ ಸೀಸಕಡ್ಡಿ ಹಿಡಿದು ಮತ್ತೆ ಕುಳಿತುಕೊಳ್ಳಬೇಕಾಯಿತು.

ಕಾಗದ ಸೀಸಕಡ್ಡಿ ನಿಮ್ಮಲ್ಲಿಯೂ ಉಂಟು. ಮೇಲೆ ವಿವರಿಸಿದ ನಾಲ್ಕು ಗುರುತುಗಳಿಂದ 13, 17 ಮತ್ತು 23ನ್ನು ಬರೆಯಿರಿ. ಅನಂತರ 38ನ್ನು ಬರೆಯಲು ಯತ್ನಿಸಿರಿ. ಅದಕ್ಕೆ ಎರಡು ಚೌಕಗಳು ಬೇಕು. 25ನ್ನೂ 50ನ್ನೂ ಬರೆಯಹೊರಟವರು ಬಲಗಡೆಯ ಚೌಕದಲ್ಲಿ ಏನಿಡುವುದೆಂದು ತಡೆದು ನಿಲ್ಲುವರು. ಹಾಗೆ ನಿಂತವರು ನನ್ನನ್ನು ಬಂದು ಕಾಣಬೇಕು. ಉತ್ತರಗಳನ್ನು ಈ ಸಂಚಿಕೆಯಲ್ಲಿ ಎಲ್ಲಿಯೂ ಅಚ್ಚುಮಾಡಿಲ್ಲ.